ಐರಿಶ್ ಅಜ್ಜನ ಊರು ಹುಡುಕುವುದು ಹೇಗೆ? ಸರ್‌ನೇಮ್, ಸಮಾಧಿ ಮತ್ತು ಬೆಂಕಿಯಿಂದ ಉಳಿದ ಕಾಗದ

ನಿಮ್ಮ ಅಜ್ಜನೋ ಅಜ್ಜಿಯೋ ಐರ್ಲೆಂಡ್ ದ್ವೀಪದಲ್ಲಿ ಹುಟ್ಟಿದ್ದರೆ ನೀವು ಐರಿಶ್ ಪೌರತ್ವ ಕೇಳಬಹುದು. ಜೀವಮಾನದಲ್ಲಿ ಒಂದು ಸಲವೂ ಅಲ್ಲಿಗೆ ಹೋಗಿರಬೇಕಾಗಿಲ್ಲ. ಫಾರಿನ್ ಬರ್ತ್ಸ್ ರಿಜಿಸ್ಟರ್ ಅಂತ ಒಂದಿದೆ, ಅದರಲ್ಲಿ ನಿಮ್ಮ ಹೆಸರು ಸೇರಿದರೆ ಆಮೇಲೆ ಪಾಸ್‌ಪೋರ್ಟ್‌ಗೆ ಅರ್ಜಿ ಹಾಕುವುದಷ್ಟೇ ಬಾಕಿ. ನಿಯಮ ಹಳೆಯದೇ. ಆದರೆ 2016ರಲ್ಲಿ ಬ್ರಿಟನ್ ಯುರೋಪಿಯನ್ ಯೂನಿಯನ್ ಬಿಡುತ್ತೇನೆ ಅಂತ ಮತ ಹಾಕಿದ ಮೇಲೆ ಇದಕ್ಕೆ ಎಲ್ಲಿಲ್ಲದ ಬೇಡಿಕೆ ಬಂತು. ಬ್ರಿಟನ್‌ನಲ್ಲಿ ಹುಟ್ಟಿ ಬೆಳೆದವರು ಅಟ್ಟದ ಮೇಲಿನ ಪೆಟ್ಟಿಗೆ ಇಳಿಸಿ ಅಜ್ಜಿಯ ಕಾಗದಪತ್ರ ಹುಡುಕತೊಡಗಿದರು.

ಇದರ ಗಾಳಿ ನಮ್ಮ ಕಡೆಗೂ ಸ್ವಲ್ಪ ಬೀಸಿದೆ. ಬೆಂಗಳೂರು, ಕೆಜಿಎಫ್ ಕಡೆಯ ಎಷ್ಟೋ ಆಂಗ್ಲೋ-ಇಂಡಿಯನ್ ಮನೆಗಳಲ್ಲಿ 'ನಮ್ಮ ವಂಶದಲ್ಲಿ ಒಬ್ಬ ಐರಿಶ್ ಸೋಲ್ಜರ್ ಇದ್ದನಂತೆ' ಎಂಬ ಮಾತು ತಲೆಮಾರಿನಿಂದ ಇದೆ. ಹಾಗಾಗಿ ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಪೌರತ್ವದ ಲೆಕ್ಕ ಸಾಮಾನ್ಯವಾಗಿ ಅಜ್ಜ-ಅಜ್ಜಿಗೇ ನಿಲ್ಲುತ್ತದೆ. ಮುತ್ತಜ್ಜ ಐರ್ಲೆಂಡ್‌ನವನು ಅಂತಾದರೆ, ನೀವು ಹುಟ್ಟುವ ಮೊದಲೇ ನಿಮ್ಮ ತಂದೆಯೋ ತಾಯಿಯೋ ಆ ರಿಜಿಸ್ಟರ್‌ನಲ್ಲಿ ಸೇರಿರಬೇಕು. 1850ರಲ್ಲಿ ಬಂದ ಸೈನಿಕನ ಹೆಸರಲ್ಲಿ ಇವತ್ತು ಪಾಸ್‌ಪೋರ್ಟ್ ಸಿಗೋದಿಲ್ಲ. ನಮ್ಮವರು ಎಲ್ಲಿಯವರು ಅಂತ ತಿಳಿದುಕೊಳ್ಳೋ ಆಸೆ ಇದ್ದರೆ ಮಾತ್ರ ಮುಂದೆ ಓದಿ, ಅದಕ್ಕೆ ಬೇಕಾದಷ್ಟು ದಾರಿಗಳಿವೆ.

ಹೆಚ್ಚಿನವರು ಸರ್‌ನೇಮ್‌ನಿಂದ ಶುರು ಮಾಡುತ್ತಾರೆ, ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತಾರೆ. ಐರಿಶ್ ಮನೆತನದ ಹುಡುಕಾಟದಲ್ಲಿ ನಿಜವಾಗಿ ಬೇಕಿರುವುದು ಊರು. ಜಿಲ್ಲೆಯ ಹೆಸರು ಸಾಲದು, ಪಟ್ಟಣದ ಹೆಸರೂ ಸಾಲದು. ಪುಟ್ಟ ಹಳ್ಳಿಯ ಹೆಸರೇ ಬೇಕು. ಸರ್‌ನೇಮ್, ಸಮಾಧಿ, ಚರ್ಚ್ ಪುಸ್ತಕ ಇವೆಲ್ಲ ಆ ಊರನ್ನು ಮುಟ್ಟೋಕೆ ಇರುವ ಮೆಟ್ಟಿಲು.

ಮೊದಲು ಆ ಬೆಂಕಿಯ ಕಥೆ

ಐರಿಶ್ ದಾಖಲೆಗಳ ಬಗ್ಗೆ ಯಾರನ್ನು ಕೇಳಿದರೂ ಬರುವ ಮೊದಲ ಉತ್ತರ, 'ಎಲ್ಲ ಸುಟ್ಟು ಹೋಯಿತು'. ಅದು ಅರ್ಧ ನಿಜ.

1922ರ ಜೂನ್ ಕೊನೆ. ಐರ್ಲೆಂಡ್‌ನಲ್ಲಿ ಅಂತರ್ಯುದ್ಧ ಆಗಷ್ಟೇ ಹೊತ್ತಿಕೊಂಡಿತ್ತು. ಬ್ರಿಟನ್ ಜೊತೆಗಿನ ಒಪ್ಪಂದವನ್ನು ಒಪ್ಪದ ಗುಂಪು ಡಬ್ಲಿನ್‌ನ ಫೋರ್ ಕೋರ್ಟ್ಸ್ ಕಟ್ಟಡದಲ್ಲಿ ಬೀಡುಬಿಟ್ಟಿತ್ತು, ಹೊಸ ಸರ್ಕಾರದ ಸೈನ್ಯ ಹೊರಗಿನಿಂದ ಫಿರಂಗಿ ಹಾರಿಸುತ್ತಿತ್ತು. ಅದೇ ಆವರಣದಲ್ಲಿ ದೇಶದ ಪಬ್ಲಿಕ್ ರೆಕಾರ್ಡ್ ಆಫೀಸ್ ಇತ್ತು. ಜೂನ್ 30ರಂದು ದೊಡ್ಡ ಸ್ಫೋಟ, ಬೆಂಕಿ. ಏಳು ಶತಮಾನದ ಕಾಗದ ಬೂದಿಯಾಯಿತು. ಸುಟ್ಟ ಹಾಳೆಗಳು ಗಾಳಿಗೆ ಹಾರಿ ಮೈಲಿಗಟ್ಟಲೆ ದೂರ ಬಿದ್ದವು.

ಹೋದದ್ದು ಏನೇನು? 1821, 1831, 1841, 1851ರ ಜನಗಣತಿಯ ಬಹುಪಾಲು. ಉಯಿಲುಗಳು. ಸರ್ಕಾರಿ ಚರ್ಚ್ ಆಗಿದ್ದ ಪ್ರಾಟೆಸ್ಟೆಂಟ್ 'ಚರ್ಚ್ ಆಫ್ ಐರ್ಲೆಂಡ್'ನ ಅರ್ಧಕ್ಕೂ ಹೆಚ್ಚು ರಿಜಿಸ್ಟರ್‌ಗಳು. ಆದರೆ ಬೆಂಕಿಯ ಮೇಲೆ ಎಲ್ಲ ಗೂಬೆ ಕೂರಿಸುವಂತಿಲ್ಲ. 1861 ಮತ್ತು 1871ರ ಗಣತಿ ಹಾಳೆಗಳನ್ನು ಎಣಿಕೆ ಮುಗಿದ ಮೇಲೆ ಸರ್ಕಾರವೇ ನಾಶ ಮಾಡಿತ್ತು. 1881 ಮತ್ತು 1891ರದ್ದನ್ನು ಮೊದಲ ಮಹಾಯುದ್ಧದ ಸಮಯದಲ್ಲಿ ಕಾಗದದ ಬರ ಅಂತ ರದ್ದಿಗೆ ಹಾಕಿ ಅರೆದುಬಿಟ್ಟರು! ಗುಮಾಸ್ತನ ಒಂದು ಆದೇಶ ಫಿರಂಗಿಯಷ್ಟೇ ಕೆಲಸ ಮಾಡಿತು ಅನ್ನಿ.

ಉಳಿದದ್ದು? ಕ್ಯಾಥೊಲಿಕ್ ಚರ್ಚ್‌ಗಳ ಪುಸ್ತಕಗಳು ಆ ಕಟ್ಟಡದಲ್ಲಿ ಇರಲೇ ಇಲ್ಲ, ಆಯಾ ಊರಿನ ಪಾದ್ರಿಗಳ ಹತ್ತಿರವೇ ಇದ್ದವು. ಐರ್ಲೆಂಡ್‌ನ ಬಹುಪಾಲು ಜನ ಕ್ಯಾಥೊಲಿಕರು, ಹಾಗಾಗಿ ಇದು ದೊಡ್ಡ ಪುಣ್ಯ. ಹುಟ್ಟು, ಮದುವೆ, ಸಾವಿನ ಸರ್ಕಾರಿ ದಾಖಲೆ ಬೇರೆ ಕಡೆ ಇತ್ತು, ಉಳಿಯಿತು. 1901 ಮತ್ತು 1911ರ ಗಣತಿ ಪೂರ್ತಿ ಉಳಿದಿದೆ. ಜಮೀನಿನ ದೊಡ್ಡ ಸಮೀಕ್ಷೆಯೂ ಉಳಿದಿದೆ. ಸುಟ್ಟು ಹೋದದ್ದನ್ನು ಬೇರೆ ಕಡೆ ಇದ್ದ ನಕಲುಗಳಿಂದ ಮತ್ತೆ ಜೋಡಿಸುವ ಕೆಲಸವೂ ನಡೆಯುತ್ತಿದೆ. ಬೆಂಕಿಗೆ ನೂರು ವರ್ಷ ತುಂಬಿದ 2022ರಲ್ಲಿ 'ವರ್ಚುವಲ್ ರೆಕಾರ್ಡ್ ಟ್ರೆಷರಿ ಆಫ್ ಐರ್ಲೆಂಡ್' ಅಂತ ಒಂದು ತಾಣ ತೆರೆದರು, ನೋಡೋಕೆ ದುಡ್ಡು ಕೊಡಬೇಕಿಲ್ಲ.

ಸರ್‌ನೇಮ್ ಎಷ್ಟು ಹೇಳುತ್ತದೆ?

ಐರಿಶ್ ಸರ್‌ನೇಮ್‌ಗಳ ಮುಂದೆ ಬರುವ 'ಓ' ಅಂದರೆ ಇಂಥವನ ಮೊಮ್ಮಗ ಅಥವಾ ವಂಶದವನು, 'ಮ್ಯಾಕ್' ಅಂದರೆ ಮಗ. ಓಬ್ರಿಯನ್ ಅಂದರೆ ಬ್ರಿಯನ್‌ನ ವಂಶ. ಯಾವ ಬ್ರಿಯನ್? 1014ರಲ್ಲಿ ಕ್ಲಾಂಟಾರ್ಫ್ ಯುದ್ಧದಲ್ಲಿ ಸತ್ತ ದೊರೆ ಬ್ರಿಯನ್ ಬೋರು. 'ಫಿಟ್ಸ್' ಅಂತ ಶುರುವಾಗುವ ಹೆಸರುಗಳು, ಉದಾಹರಣೆಗೆ ಫಿಟ್ಸ್‌ಜೆರಾಲ್ಡ್, ಹನ್ನೆರಡನೇ ಶತಮಾನದ ಕೊನೆಯಲ್ಲಿ ಬಂದ ನಾರ್ಮನ್ನರವು. ವಾಲ್ಶ್ ಅಂದರೆ ಅವರ ಜೊತೆ ವೇಲ್ಸ್‌ನಿಂದ ಬಂದವನು.

ಇಲ್ಲಿಯ ತನಕ ಸಲೀಸು. ತೊಂದರೆ ಶುರುವಾಗುವುದು ಇಂಗ್ಲಿಷ್ ಆಡಳಿತ ಬಂದ ಮೇಲೆ. ಐರಿಶ್ ಭಾಷೆಯ ಹೆಸರನ್ನು ಇಂಗ್ಲಿಷ್ ಗುಮಾಸ್ತ ತನ್ನ ಕಿವಿಗೆ ಕೇಳಿಸಿದಂತೆ ಬರೆದ. ಜನ ತಾವೇ 'ಓ', 'ಮ್ಯಾಕ್' ಕೈಬಿಟ್ಟರು. ಹತ್ತೊಂಬತ್ತನೇ ಶತಮಾನದ ಕೊನೆಗೆ ಐರಿಶ್ ಭಾಷೆಯ ಚಳವಳಿ ಜೋರಾದಾಗ ಎಷ್ಟೋ ಮನೆಯವರು ಅದನ್ನು ಮತ್ತೆ ಸೇರಿಸಿಕೊಂಡರು. ಹೀಗಾಗಿ ಅಪ್ಪ ಸಲಿವನ್, ಮಗ ಓಸಲಿವನ್ ಆಗಿರುವುದು ತೀರಾ ಮಾಮೂಲಿ. ಅಮೆರಿಕಕ್ಕೆ ಹೋದ ಅಣ್ಣನ ಸ್ಪೆಲಿಂಗ್ ಒಂದು, ಊರಲ್ಲೇ ಉಳಿದ ತಮ್ಮನದು ಇನ್ನೊಂದು. 'ನಮ್ಮದು ಈ ಸ್ಪೆಲಿಂಗ್, ಅವರು ನಮ್ಮವರಲ್ಲ' ಅಂತ ಪಟ್ಟು ಹಿಡಿದರೆ ಹುಡುಕಾಟ ಅಲ್ಲಿಗೇ ಮುಗಿಯಿತು.

ಕೆಲವು ಕಡೆ ಹೆಸರು ಪೂರ್ತಿ ವೇಷ ಬದಲಿಸಿದೆ. ಕ್ಯಾವನ್ ಜಿಲ್ಲೆಯ ಸ್ಮಿತ್‌ಗಳು ಇಂಗ್ಲೆಂಡ್‌ನವರು ಅಂದುಕೊಂಡರೆ ಮೋಸ ಹೋಗುತ್ತೀರಿ. ಅವರಲ್ಲಿ ಹಲವರು ಮೂಲದಲ್ಲಿ ಮ್ಯಾಕ್‌ಗೋವನ್, ಅಂದರೆ ಕಮ್ಮಾರನ ಮಗ. ಗಾಲ್‌ವೇ ಕಡೆ ಕಾನ್ರಾಯ್ ಎಂಬ ಹೆಸರಿನ ಕೊನೆಯ ತುಂಡು ಐರಿಶ್‌ನಲ್ಲಿ ರಾಜ ಎಂದಂತೆ ಕೇಳಿಸುತ್ತದೆ ಅಂತ ಅದನ್ನು ಸೀದಾ 'ಕಿಂಗ್' ಮಾಡಿದರು.

ಸರ್‌ನೇಮ್‌ನಿಂದ ಪ್ರಯೋಜನವೇ ಇಲ್ಲ ಅಂತಲ್ಲ. ಒಂದೊಂದು ಹೆಸರಿಗೆ ಒಂದೊಂದು ಸೀಮೆ ಇದೆ. ಗ್ಯಾಲಹರ್, ಡೊಹರ್ಟಿ ಅಂದರೆ ಡಾನಿಗಾಲ್. ಓಸಲಿವನ್ ಅಂದರೆ ಕಾರ್ಕ್ ಮತ್ತು ಕೆರಿ. ಬರ್ನ್ ಅಂದರೆ ವಿಕ್ಲೋ. ನಮ್ಮ ಬೆಂಗಳೂರಿನ ಲಾವೆಲ್ ರೋಡ್ ಗೊತ್ತಲ್ವಾ? 1870ರ ದಶಕದಲ್ಲಿ ಕೋಲಾರದಲ್ಲಿ ಚಿನ್ನ ತೆಗೆಯಲು ಮೈಸೂರು ಸರ್ಕಾರದಿಂದ ಪರವಾನಗಿ ಪಡೆದ ಐರಿಶ್ ಮಾಜಿ ಸೈನಿಕ ಮೈಕೆಲ್ ಫಿಟ್ಸ್‌ಜೆರಾಲ್ಡ್ ಲಾವೆಲ್ ಹೆಸರಿನ ರಸ್ತೆ ಅದು. ಲಾವೆಲ್ ಎಂಬ ಸರ್‌ನೇಮ್ ಐರ್ಲೆಂಡ್‌ನಲ್ಲಿ ಮುಖ್ಯವಾಗಿ ಪಶ್ಚಿಮದ ಮೇಯೊ ಜಿಲ್ಲೆಯದು. ಹಾಗಂತ ಆತ ಮೇಯೊದವನೇ ಅಂತ ಬರೆದುಕೊಳ್ಳುವಂತಿಲ್ಲ. ಮೇಯೊದಲ್ಲಿ ಮೊದಲು ಹುಡುಕಿ ಅನ್ನುವ ಸುಳಿವು ಅದು, ಅಷ್ಟೇ. ಅಪರೂಪದ ಹೆಸರಾದರೆ ಈ ಸುಳಿವಿಗೆ ಬೆಲೆ ಜಾಸ್ತಿ. ಮರ್ಫಿ, ಕೆಲಿ, ರಯನ್ ಆದರೆ ಸರ್‌ನೇಮ್ ಒಂದನ್ನೇ ಹಿಡಿದು ಹೋಗಬೇಡಿ.

ಟಿಪ್ಪರರಿಯಲ್ಲಿ ರಯನ್‌ಗಳು ಎಷ್ಟಿದ್ದಾರೆ ಅಂದರೆ, ಒಂದೇ ಊರಿನಲ್ಲಿ ಒಂದೇ ಹೆಸರಿನ ಮೂರ್ನಾಲ್ಕು ಜನ. ಅವರನ್ನು ಗುರುತಿಸೋಕೆ ಮನೆಗೊಂದು ಅಡ್ಡಹೆಸರು ಇಟ್ಟರು. ಬಿಳಿ ಕೂದಲಿನವನ ಮನೆ, ಕೆಂಚನ ಮನೆ, ಹೀಗೆ. ಆ ಅಡ್ಡಹೆಸರುಗಳು ಸರ್ಕಾರಿ ಪುಸ್ತಕದಲ್ಲೂ ಸೇರಿಕೊಂಡಿವೆ. ನಿಮ್ಮ ಮನೆಯಲ್ಲಿ ಅರ್ಥ ಗೊತ್ತಿಲ್ಲದ ಇಂಥ ಯಾವುದಾದರೂ ಪದ ಉಳಿದಿದ್ದರೆ ಬಿಸಾಡಬೇಡಿ, ಅದು ಸರ್‌ನೇಮ್‌ಗಿಂತ ಗಟ್ಟಿ ಸಾಕ್ಷಿ.

ಮಕ್ಕಳಿಗೆ ಹೆಸರಿಡುವುದರಲ್ಲೂ ಒಂದು ಕ್ರಮ ಇತ್ತು. ಮೊದಲ ಮಗನಿಗೆ ತಂದೆಯ ತಂದೆಯ ಹೆಸರು, ಎರಡನೆಯವನಿಗೆ ತಾಯಿಯ ತಂದೆಯದು. ಮೊದಲ ಮಗಳಿಗೆ ತಾಯಿಯ ತಾಯಿಯದು, ಎರಡನೆಯವಳಿಗೆ ತಂದೆಯ ತಾಯಿಯದು. ಎಲ್ಲರೂ ತಪ್ಪದೆ ಪಾಲಿಸಲಿಲ್ಲ. ಆದರೆ ಮೂವರು ಪ್ಯಾಟ್ರಿಕ್‌ಗಳಲ್ಲಿ ನಮ್ಮವನು ಯಾರು ಅಂತ ಊಹಿಸೋಕೆ ಇದು ಚೆನ್ನಾಗಿ ಒದಗುತ್ತದೆ.

ಟೌನ್‌ಲ್ಯಾಂಡ್ ಎಂಬ ಪುಟ್ಟ ಹಳ್ಳಿ

ಹೆಸರಲ್ಲಿ 'ಟೌನ್' ಇದ್ದರೂ ಟೌನ್‌ಲ್ಯಾಂಡ್ ಪಟ್ಟಣ ಅಲ್ಲ. ಅದು ಜಮೀನಿನ ಒಂದು ತುಂಡು, ಗಡಿ ಇದೆ, ಹೆಸರಿದೆ. ಕೆಲವದರಲ್ಲಿ ಇಪ್ಪತ್ತು ಮನೆ, ಕೆಲವದರಲ್ಲಿ ಎರಡೇ. ಐರ್ಲೆಂಡ್ ದ್ವೀಪದಲ್ಲಿ ಇಂಥವು 60,000ಕ್ಕಿಂತ ಜಾಸ್ತಿ ಇವೆ. ಹಲವು ಟೌನ್‌ಲ್ಯಾಂಡ್ ಸೇರಿ ಒಂದು ಸಿವಿಲ್ ಪ್ಯಾರಿಷ್, ಪ್ಯಾರಿಷ್‌ಗಳು ಸೇರಿ ಬ್ಯಾರನಿ, ಅವು ಸೇರಿ ಕೌಂಟಿ ಅಂದರೆ ಜಿಲ್ಲೆ. ಒಟ್ಟು 32 ಕೌಂಟಿ, ಅದರಲ್ಲಿ 6 ಈಗ ಬ್ರಿಟನ್‌ಗೆ ಸೇರಿದ ಉತ್ತರ ಐರ್ಲೆಂಡ್‌ನಲ್ಲಿವೆ. ಕ್ಯಾಥೊಲಿಕ್ ಪ್ಯಾರಿಷ್ ಅಂದರೆ ಒಂದು ಚರ್ಚ್‌ನ ವ್ಯಾಪ್ತಿ, ಅದು ಬೇರೆ, ಅದರ ಗಡಿ ಸಿವಿಲ್ ಪ್ಯಾರಿಷ್‌ಗೆ ಹೊಂದುವುದಿಲ್ಲ. ಹೊಸಬರಿಗೆ ಇಲ್ಲಿ ತಲೆಕೆಡುವುದು ಗ್ಯಾರಂಟಿ.

ಇನ್ನೊಂದು ತೊಡಕು, ಒಂದೇ ಹೆಸರಿನ ಟೌನ್‌ಲ್ಯಾಂಡ್‌ಗಳು ಹತ್ತಾರು ಕಡೆ ಇರುತ್ತವೆ. ಕಿಲ್‌ಮೋರ್ ಅಂತ ಒಂದನ್ನೇ ಹಿಡಿದು ಹೊರಟರೆ ಯಾವ ಜಿಲ್ಲೆಗೆ ಹೋಗುತ್ತೀರಿ? ಕೆಲವು ಜಿಲ್ಲೆ, ಊರುಗಳ ಹೆಸರೂ ಬದಲಾಗಿದೆ. ಹಳೆಯ ಕಾಗದದ ಕಿಂಗ್ಸ್ ಕೌಂಟಿ ಈಗಿನ ಆಫಲಿ. ಕ್ವೀನ್ಸ್ ಕೌಂಟಿ ಈಗಿನ ಲೀಶ್. ಲಕ್ಷಾಂತರ ಜನ ಹಡಗು ಹತ್ತಿದ ಕ್ವೀನ್ಸ್‌ಟೌನ್ ಬಂದರು ಈಗ ಕೋವ್. ಊರಿನ ಹೆಸರು ಸರಿಯಾಗಿ ಯಾವುದು, ಎಲ್ಲಿದೆ ಅಂತ ನೋಡೋಕೆ 'ಲಾಗಿನಮ್' ಎಂಬ ಸ್ಥಳನಾಮಗಳ ತಾಣ ಇದೆ. ಉಚಿತ.

ಊರು ಗೊತ್ತೇ ಇಲ್ಲದಿದ್ದರೆ

ಹಾಗಿದ್ದರೆ ಐರ್ಲೆಂಡ್‌ನಲ್ಲಿ ಹುಡುಕಬೇಡಿ. ಆತ ಹೋಗಿ ನೆಲೆಸಿದ ದೇಶದಲ್ಲಿ ಹುಡುಕಿ. ಅಲ್ಲಿಯ ಮದುವೆ ದಾಖಲೆ, ಸಾವಿನ ಸುದ್ದಿ, ಸಮಾಧಿ ಕಲ್ಲು, ಸೈನ್ಯದ ಕಾಗದ, ಇವುಗಳಲ್ಲಿ ಎಲ್ಲೋ ಒಂದು ಕಡೆ ಊರಿನ ಹೆಸರು ಬಿದ್ದಿರುತ್ತದೆ. 'ಹುಟ್ಟಿದ್ದು: ಐರ್ಲೆಂಡ್' ಅಂತ ಮಾತ್ರ ಇದ್ದರೆ ಆತನ ತಮ್ಮ, ತಂಗಿ, ಪಕ್ಕದ ಮನೆಯವರ ದಾಖಲೆಯನ್ನೂ ನೋಡಿ. ಒಂದೇ ಊರಿನವರು ಹೋದ ಕಡೆಯೂ ಒಟ್ಟಿಗೇ ಇರುತ್ತಿದ್ದರು.

ಇದು ಹೇಗೆ ಕೆಲಸ ಮಾಡುತ್ತದೆ ಅನ್ನೋದಕ್ಕೆ ಬರಾಕ್ ಒಬಾಮ ಅವರ ಉದಾಹರಣೆ ಸಾಕು. ಅವರ ತಾಯಿಯ ತಂದೆಯ ಮುತ್ತಜ್ಜ ಫಾಲ್ಮತ್ ಕಾರ್ನಿ ಎಂಬ ಐರಿಶ್ ಹುಡುಗ. 1850ರಲ್ಲಿ, ಹತ್ತೊಂಬತ್ತರ ವಯಸ್ಸಿಗೆ, ನ್ಯೂಯಾರ್ಕ್‌ಗೆ ಬಂದಿಳಿದು ಒಹಾಯೋಗೆ ಹೋಗಿ ಸೇರಿದ. 1845ರಿಂದ ಆಲೂಗಡ್ಡೆ ಬೆಳೆಗೆ ರೋಗ ಬಿದ್ದು ಬಂದ ಬರಗಾಲದ ವರ್ಷಗಳು ಅವು. ಸುಮಾರು 10 ಲಕ್ಷ ಜನ ಸತ್ತರು, ಅದಕ್ಕಿಂತ ಜಾಸ್ತಿ ಜನ ದೇಶ ಬಿಟ್ಟರು. 1841ರಲ್ಲಿ 80 ಲಕ್ಷ ದಾಟಿದ್ದ ಜನಸಂಖ್ಯೆ 1851ಕ್ಕೆ ಸುಮಾರು 65 ಲಕ್ಷಕ್ಕೆ ಇಳಿಯಿತು.

ವಂಶಾವಳಿ ಹುಡುಕುವವರು ಮೊದಲು ಅಮೆರಿಕದ ಕಡೆಯ ದಾಖಲೆ ಜಾಲಾಡಿದರು. ಜಾಡು ಹೋಗಿ ನಿಂತದ್ದು ಆಫಲಿ ಜಿಲ್ಲೆಯ ಮನಿಗಾಲ್ ಎಂಬ ಸಣ್ಣ ಊರಿನಲ್ಲಿ. ಆಮೇಲೆ 2007ರಲ್ಲಿ ಅಲ್ಲಿಯ ಚರ್ಚ್ ಆಫ್ ಐರ್ಲೆಂಡ್ ಪಾದ್ರಿ ಹಳೆಯ ಪ್ಯಾರಿಷ್ ಪುಸ್ತಕ ತೆಗೆದು ನೋಡಿದರೆ ಕಾರ್ನಿ ಮನೆತನ ಅದರಲ್ಲಿತ್ತು. ಚಪ್ಪಲಿ ಹೊಲಿಯುವವರ ಮನೆ. ಇಲ್ಲಿ ಗಮನಿಸಿ, ಚರ್ಚ್ ಆಫ್ ಐರ್ಲೆಂಡ್ ರಿಜಿಸ್ಟರ್‌ಗಳೇ 1922ರಲ್ಲಿ ಜಾಸ್ತಿ ಸುಟ್ಟದ್ದು. ಊರಲ್ಲೇ ಉಳಿದವು ಬಚಾವಾದವು. ಒಬಾಮ 2011ರ ಮೇ ತಿಂಗಳಲ್ಲಿ ಮನಿಗಾಲ್‌ಗೆ ಹೋಗಿ ಅಲ್ಲಿಯ ಪಬ್‌ನಲ್ಲಿ ಗಿನ್ನೆಸ್ ಕುಡಿದು ಬಂದರು. ಈಗ ಆ ಊರಿನ ಹತ್ತಿರ ಹೈವೇ ಪಕ್ಕ 'ಬರಾಕ್ ಒಬಾಮ ಪ್ಲಾಜಾ' ಅಂತ ಪೆಟ್ರೋಲ್ ಬಂಕ್, ಹೋಟೆಲ್ ಎಲ್ಲ ಇದೆ. ಮುತ್ತಜ್ಜನಿಗೆ ಇಂಥ ಸ್ಮಾರಕ ಎಲ್ಲರಿಗೂ ಸಿಗೋದಿಲ್ಲ ಬಿಡಿ!

ಗಣತಿಯ ಹಾಳೆ ಮತ್ತು ದಿಢೀರ್ ಮುದುಕರಾದ ಜನ

1901 ಮತ್ತು 1911ರ ಜನಗಣತಿ ಐರ್ಲೆಂಡ್ ನ್ಯಾಷನಲ್ ಆರ್ಕೈವ್ಸ್ ತಾಣದಲ್ಲಿ ಉಚಿತವಾಗಿ ಸಿಗುತ್ತದೆ. ಮೂಲ ಹಾಳೆಯ ಚಿತ್ರವನ್ನೇ ನೋಡಬಹುದು. ಟೈಪ್ ಮಾಡಿದ ಪಟ್ಟಿ ನೋಡಿ ಸುಮ್ಮನಾಗಬೇಡಿ, ಚಿತ್ರ ತೆರೆಯಿರಿ. ಮನೆಯ ಯಜಮಾನನ ಸಹಿ ಅಲ್ಲಿದೆ. ಬರೆಯಲು ಬಾರದವನಾದರೆ ಒಂದು ಗುಣಾಕಾರ ಚಿಹ್ನೆ, ಪಕ್ಕದಲ್ಲಿ ಗಣತಿಗೆ ಬಂದ ಪೊಲೀಸನ ಬರಹ. ಯಾರು ಓದಬಲ್ಲರು, ಯಾರಿಗೆ ಐರಿಶ್ ಭಾಷೆ ಬರುತ್ತದೆ, ಯಾವ ಧರ್ಮ, ಎಲ್ಲ ಇದೆ. 1911ರಲ್ಲಿ ಮದುವೆಯಾದ ಹೆಂಗಸರನ್ನು ಇನ್ನೂ ಮೂರು ಪ್ರಶ್ನೆ ಕೇಳಿದ್ದರು: ಮದುವೆಯಾಗಿ ಎಷ್ಟು ವರ್ಷ, ಹೆತ್ತ ಮಕ್ಕಳೆಷ್ಟು, ಅವರಲ್ಲಿ ಬದುಕಿರುವವರೆಷ್ಟು. ಎರಡನೆಯ ಸಂಖ್ಯೆಗೂ ಮೂರನೆಯದಕ್ಕೂ ನಡುವಿನ ಅಂತರ ನೋಡಿದಾಗ ಆ ಮನೆಯ ಕಥೆ ಅರ್ಧ ಗೊತ್ತಾಗುತ್ತದೆ.

ಜೊತೆಗೆ ಮನೆಯ ಬಗ್ಗೆಯೇ ಇನ್ನೊಂದು ಹಾಳೆ ಇದೆ. ಗೋಡೆ ಕಲ್ಲಿನದೋ ಮಣ್ಣಿನದೋ, ಚಾವಣಿ ಹುಲ್ಲೋ ಸ್ಲೇಟೋ, ಎಷ್ಟು ಕೋಣೆ, ಮುಂದುಗಡೆ ಎಷ್ಟು ಕಿಟಕಿ. ಮತ್ತೊಂದರಲ್ಲಿ ಹಸುವಿನ ಕೊಟ್ಟಿಗೆ, ಹಂದಿಗೂಡುಗಳ ಲೆಕ್ಕ. ಫೋಟೋ ಇಲ್ಲದ ಮನೆಯನ್ನು ಕಣ್ಣಿಗೆ ಕಟ್ಟಿಕೊಳ್ಳೋಕೆ ಇಷ್ಟು ಸಾಕು.

ವಯಸ್ಸನ್ನು ಮಾತ್ರ ನಂಬಬೇಡಿ. 1901ರಲ್ಲಿ 55 ಅಂದವನು 1911ರಲ್ಲಿ 71 ಅನ್ನುತ್ತಾನೆ. ಕಾರಣ ಪಿಂಚಣಿ. 1909ರ ಜನವರಿಯಿಂದ 70 ದಾಟಿದವರಿಗೆ ವಾರಕ್ಕೆ 5 ಶಿಲಿಂಗ್ ತನಕ ವೃದ್ಧಾಪ್ಯ ವೇತನ ಶುರುವಾಯಿತು. ಬಡ ರೈತನಿಗೆ ಅದು ದೊಡ್ಡ ದುಡ್ಡು. ಆದರೆ ಅವರು ಹುಟ್ಟಿದ ಕಾಲದಲ್ಲಿ ಜನನ ನೋಂದಣಿಯೇ ಇರಲಿಲ್ಲ, ಹಾಗಾಗಿ ವಯಸ್ಸಿಗೆ ಪುರಾವೆ ಎಲ್ಲಿಂದ ತರುವುದು? 1841 ಮತ್ತು 1851ರ ಗಣತಿಯಲ್ಲಿ ತಮ್ಮ ಹೆಸರು ಹುಡುಕಿ ಕೊಡಿ ಅಂತ ಸಾವಿರಾರು ಜನ ಅರ್ಜಿ ಹಾಕಿದರು. ಗುಮಾಸ್ತರು ಹುಡುಕಿ, ಸಿಕ್ಕಿದ್ದನ್ನು ಆ ಅರ್ಜಿಯ ಮೇಲೆ ಬರೆದಿಟ್ಟರು. ಮುಂದೆ ಗಣತಿ ಸುಟ್ಟಿತು, ಅರ್ಜಿಗಳು ಉಳಿದವು. ಅಪ್ಪ-ಅಮ್ಮನ ಹೆಸರು, ಟೌನ್‌ಲ್ಯಾಂಡ್ ಎಲ್ಲ ಅದರಲ್ಲಿವೆ, ಅವೂ ಆನ್‌ಲೈನ್‌ನಲ್ಲಿ ಉಚಿತ.

ಹುಟ್ಟು, ಮದುವೆ, ಸಾವು, ದೀಕ್ಷಾಸ್ನಾನ

ಐರ್ಲೆಂಡ್‌ನಲ್ಲಿ ಎಲ್ಲರ ಜನನ, ವಿವಾಹ, ಮರಣ ನೋಂದಣಿ 1864ರ ಜನವರಿ 1ರಿಂದ. ಕ್ಯಾಥೊಲಿಕ್ ಅಲ್ಲದವರ ಮದುವೆ ಮಾತ್ರ 1845ರಿಂದಲೇ ಇದೆ. ಸರ್ಕಾರದ 'ಐರಿಶ್ ಜೀನಿಯಾಲಜಿ' ತಾಣದಲ್ಲಿ 100 ವರ್ಷ ದಾಟಿದ ಜನನ, 75 ದಾಟಿದ ಮದುವೆ, 50 ದಾಟಿದ ಮರಣ ದಾಖಲೆಗಳನ್ನು ದುಡ್ಡು ಕೊಡದೆ ನೋಡಬಹುದು. ತಡವಾಗಿ ನೋಂದಾಯಿಸಿದರೆ ದಂಡ ಇತ್ತು. ದಂಡ ತಪ್ಪಿಸಲು ಜನ ಹುಟ್ಟಿದ ದಿನವನ್ನೇ ಮುಂದೂಡಿ ಹೇಳುತ್ತಿದ್ದರು. ಹಾಗಾಗಿ ಮಗು ಹುಟ್ಟುವ ಮೊದಲೇ ಚರ್ಚ್‌ನಲ್ಲಿ ದೀಕ್ಷಾಸ್ನಾನ ಆಗಿರುವ ವಿಚಿತ್ರ ಕಂಡರೆ ಗಾಬರಿ ಬೇಡ, ಚರ್ಚ್ ತಾರೀಖನ್ನು ನಂಬಿ.

1864ಕ್ಕಿಂತ ಹಿಂದೆ ಹೋಗಬೇಕಾದರೆ ಚರ್ಚ್ ಪುಸ್ತಕಗಳೇ ಗತಿ. ಕ್ಯಾಥೊಲಿಕ್ ರಿಜಿಸ್ಟರ್‌ಗಳನ್ನು, ಸುಮಾರು 1880ರ ತನಕದ್ದನ್ನು, ನ್ಯಾಷನಲ್ ಲೈಬ್ರರಿ ಆಫ್ ಐರ್ಲೆಂಡ್ 2015ರಲ್ಲಿ ಆನ್‌ಲೈನ್‌ಗೆ ಹಾಕಿತು. ಸಾವಿರಕ್ಕೂ ಹೆಚ್ಚು ಪ್ಯಾರಿಷ್. ಪುಸ್ತಕ ಯಾವ ವರ್ಷದಿಂದ ಶುರು ಅನ್ನುವುದು ಊರಿನ ಮೇಲೆ ನಿಂತಿದೆ. ಪೂರ್ವದ ಪಟ್ಟಣಗಳಲ್ಲಿ 1700ರ ದಶಕಗಳಿಂದ ಇರಬಹುದು, ಪಶ್ಚಿಮದ ಬಡ ಹಳ್ಳಿಗಳಲ್ಲಿ 1830 ಅಥವಾ ಅದಕ್ಕೂ ಈಚೆ.

ಓದುವುದು ಸುಲಭ ಅಲ್ಲ. ಕೈಬರಹ, ಮಸಿ ಹರಡಿದ ಹಾಳೆ, ಮೇಲೆ ಲ್ಯಾಟಿನ್. ಜೇಮ್ಸ್ ಅಲ್ಲಿ ಜಾಕೋಬಸ್ ಆಗಿರುತ್ತಾನೆ, ವಿಲಿಯಂ ಗುಲಿಯೆಲ್ಮಸ್, ನೋರಾ ಹೊನೋರಿಯಾ. ಆದರೆ ಒಂದು ದೊಡ್ಡ ಅನುಕೂಲ ಇದೆ. ಮಗುವಿನ ತಾಯಿಯ ತವರಿನ ಸರ್‌ನೇಮ್ ಬರೆಯುವ ರೂಢಿ ಇತ್ತು. ಸಾಕ್ಷಿಯಾಗಿ ನಿಂತ ಇಬ್ಬರ ಹೆಸರೂ ಇರುತ್ತದೆ, ಅವರು ಸಾಮಾನ್ಯವಾಗಿ ಚಿಕ್ಕಪ್ಪ, ಅತ್ತೆ, ಸೋದರಮಾವ. ಆ ಹೆಸರುಗಳನ್ನೂ ಬರೆದಿಟ್ಟುಕೊಳ್ಳಿ. ಮುಂದೆ ಅಮೆರಿಕದಲ್ಲೋ ಇಂಗ್ಲೆಂಡ್‌ನಲ್ಲೋ ಅದೇ ಹೆಸರು ಪಕ್ಕದ ಮನೆಯಲ್ಲಿ ಕಂಡರೆ ಆಶ್ಚರ್ಯ ಇಲ್ಲ.

ಜಮೀನಿನ ಪುಸ್ತಕ

1847ರಿಂದ 1864ರ ತನಕ ರಿಚರ್ಡ್ ಗ್ರಿಫಿತ್ ಎಂಬ ಅಧಿಕಾರಿಯ ಉಸ್ತುವಾರಿಯಲ್ಲಿ ತೆರಿಗೆಗಾಗಿ ಇಡೀ ದೇಶದ ಜಮೀನು, ಕಟ್ಟಡಗಳ ಬೆಲೆ ಕಟ್ಟಿದರು. ಇದಕ್ಕೆ 'ಗ್ರಿಫಿತ್ಸ್ ವ್ಯಾಲ್ಯುವೇಷನ್' ಅಂತಲೇ ಹೆಸರು. ನಮ್ಮ ಪಹಣಿ ನೋಡಿ ಗೊತ್ತಿದ್ದವರಿಗೆ ಇದು ಹೊಸದಲ್ಲ: ಜಮೀನು ಎಲ್ಲಿದೆ, ಸಾಗುವಳಿ ಯಾರದು, ಒಡೆಯ ಯಾರು, ವಿಸ್ತೀರ್ಣ ಎಷ್ಟು, ಕಂದಾಯದ ಲೆಕ್ಕ ಏನು. ನಕ್ಷೆಯ ನಂಬರ್ ಕೂಡ ಇದೆ, ಹಾಗಾಗಿ ಇವತ್ತಿಗೂ ಆ ಹೊಲದ ಅಂಚಿನಲ್ಲಿ ಹೋಗಿ ನಿಲ್ಲಬಹುದು. ಆಮೇಲಿನ ವರ್ಷಗಳಲ್ಲಿ ಸಾಗುವಳಿದಾರ ಬದಲಾದಾಗಲೆಲ್ಲ ಹಳೆಯ ಹೆಸರಿನ ಮೇಲೆ ಬಣ್ಣದ ಮಸಿಯಲ್ಲಿ ಗೆರೆ ಎಳೆದು ಹೊಸ ಹೆಸರು ಬರೆದರು. ಪ್ಯಾಟ್ರಿಕ್ ಹೋಗಿ ಜಾನ್ ಬಂದ ವರ್ಷ ಅಲ್ಲಿದೆ. ಬಹುಶಃ ಅಪ್ಪ ಸತ್ತ ವರ್ಷವೂ ಅದೇ.

ಕೊರತೆ ಏನಪ್ಪಾ ಅಂದರೆ, ಇದರಲ್ಲಿ ಮನೆಯ ಯಜಮಾನನ ಹೆಸರು ಮಾತ್ರ. ಹೆಂಡತಿ, ಮಕ್ಕಳು, ಆಳುಗಳು ಇಲ್ಲ. ಬರಗಾಲದಲ್ಲಿ ಸತ್ತವರು, ಊರು ಬಿಟ್ಟವರು ಈ ಪುಸ್ತಕ ಬರುವ ಹೊತ್ತಿಗೆ ಅಲ್ಲಿರಲಿಲ್ಲ. ಅವರಿಗಾಗಿ ಇನ್ನೂ ಹಿಂದಿನ 'ಟೈದ್' ಪುಸ್ತಕ ನೋಡಬೇಕು. ಚರ್ಚ್ ಆಫ್ ಐರ್ಲೆಂಡ್ ನಡೆಸಲು ಕ್ಯಾಥೊಲಿಕ್ ರೈತರಿಂದಲೂ ವಸೂಲಿ ಮಾಡುತ್ತಿದ್ದ ತೆರಿಗೆಯ ಲೆಕ್ಕ ಅದು, 1820 ಮತ್ತು 30ರ ದಶಕದ್ದು. ಜನಕ್ಕೆ ಆ ತೆರಿಗೆ ಕಂಡರೆ ಆಗುತ್ತಿರಲಿಲ್ಲ, ಗಲಾಟೆಗಳೇ ಆದವು. ವಂಶಾವಳಿ ಹುಡುಕುವವರಿಗೆ ಮಾತ್ರ ಅದೀಗ ವರದಾನ.

ನಾಯಿ ಲೈಸೆನ್ಸ್, ದಂಡ, ಶಾಲೆಯ ನೋಟ್‌ಬುಕ್

ನನಗೆ ವೈಯಕ್ತಿಕವಾಗಿ ಇಷ್ಟವಾಗುವ ದಾಖಲೆಗಳು ಇವು. 1866ರಿಂದ ಐರ್ಲೆಂಡ್‌ನಲ್ಲಿ ನಾಯಿ ಸಾಕಲು ಲೈಸೆನ್ಸ್ ಬೇಕಾಯಿತು. ಆ ರಿಜಿಸ್ಟರ್‌ನಲ್ಲಿ ಮಾಲೀಕನ ಹೆಸರು, ಟೌನ್‌ಲ್ಯಾಂಡ್, ನಾಯಿಯ ಜಾತಿ, ಬಣ್ಣ ಎಲ್ಲ ಇದೆ. ಬೇರೆ ಯಾವ ಪುಸ್ತಕದಲ್ಲೂ ಕಾಣದ ಬಡ ರೈತ ಇಲ್ಲಿ ಒಂದು ಕಪ್ಪು ಕುರಿನಾಯಿಯ ಜೊತೆ ಕಾಣಿಸಿಕೊಳ್ಳುತ್ತಾನೆ. ಸಣ್ಣ ಕೋರ್ಟ್‌ಗಳ ಪುಸ್ತಕವೂ ಹಾಗೆಯೇ. ಹಸು ರಸ್ತೆಗೆ ಬಿಟ್ಟದ್ದಕ್ಕೆ ದಂಡ, ಗಾಡಿಯ ಮೇಲೆ ಹೆಸರು ಬರೆಸದಿದ್ದಕ್ಕೆ ದಂಡ, ಕುಡಿದು ಬಿದ್ದದ್ದಕ್ಕೆ ದಂಡ. ನಮ್ಮ ವಂಶದವರು ಸಭ್ಯರು ಅಂತ ನಂಬಿಕೊಂಡವರು ಈ ಪುಸ್ತಕ ತೆರೆಯದಿರುವುದು ಒಳ್ಳೆಯದು.

ಇನ್ನೊಂದು ನಿಧಿ ಶಾಲಾ ಮಕ್ಕಳದು. 1937ರಿಂದ 39ರ ನಡುವೆ ಐರಿಶ್ ಜಾನಪದ ಆಯೋಗ ಸುಮಾರು 5,000 ಶಾಲೆಗಳ ಮಕ್ಕಳಿಗೆ, ನಿಮ್ಮ ಊರಿನ ಹಿರಿಯರನ್ನು ಕೇಳಿ ಕಥೆ ಬರೆದು ತನ್ನಿ ಅಂತ ಹೇಳಿತು. ಬರಗಾಲದ ನೆನಪು, ಹಾಳುಬಿದ್ದ ಮನೆಗಳು, ಊರ ಸ್ಮಶಾನ, ಯಾರ ಮನೆಯವರು ಯಾವಾಗ ದೇಶ ಬಿಟ್ಟರು, ಎಲ್ಲ ಮಕ್ಕಳ ಕೈಬರಹದಲ್ಲಿದೆ. 'ದೂಖಸ್' ತಾಣದಲ್ಲಿ ಊರಿನ ಹೆಸರು ಹಾಕಿ ಹುಡುಕಬಹುದು.

ಸಮಾಧಿ ಹುಡುಕಿಕೊಂಡು ಹೋಗುವವರಿಗೆ

ಐರ್ಲೆಂಡ್‌ನಲ್ಲಿ ಸಮಾಧಿ ಅಂದರೆ ಮನೆತನದ ಜಾಗ. ಒಂದೇ ಕಲ್ಲಿನ ಮೇಲೆ ಮೂರು ತಲೆಮಾರು ಇರುತ್ತದೆ. ಇಂಥವನು ತನ್ನ ತಂದೆಯ ನೆನಪಿಗೆ ನಿಲ್ಲಿಸಿದ್ದು ಅಂತ ಮೊದಲ ಸಾಲು, ತಂದೆಯ ಟೌನ್‌ಲ್ಯಾಂಡ್, ಸತ್ತ ವರ್ಷ, ವಯಸ್ಸು, ಆಮೇಲೆ ತಾಯಿ, ತವರಿನ ಹೆಸರಿನ ಜೊತೆಗೆ. ಅಮೆರಿಕದಲ್ಲಿ ಸತ್ತ ಮಗನ ಹೆಸರನ್ನೂ ಕೆಲವರು ಇಲ್ಲಿಯ ಕಲ್ಲಿನಲ್ಲಿ ಕೆತ್ತಿಸಿದ್ದಾರೆ. ಹಾಗಾಗಿ ಒಂದು ಕಲ್ಲು ನಾಲ್ಕು ರಿಜಿಸ್ಟರ್‌ನ ಕೆಲಸ ಮಾಡುತ್ತದೆ.

ಆದರೆ ಕಲ್ಲು ನಿಲ್ಲಿಸೋಕೆ ದುಡ್ಡು ಬೇಕಿತ್ತು. ಬಡವರ ಗೋರಿಗೆ ಹೊಲದಿಂದ ತಂದ, ಅಕ್ಷರವಿಲ್ಲದ ಒಂದು ಕಲ್ಲು ನೆಟ್ಟರೆ ಮುಗಿಯಿತು. ದೀಕ್ಷಾಸ್ನಾನ ಆಗದೆ ಸತ್ತ ಶಿಶುಗಳನ್ನು ಚರ್ಚ್ ಸ್ಮಶಾನಕ್ಕೆ ಬಿಡುತ್ತಿರಲಿಲ್ಲ, ಅವರಿಗೆ 'ಕಿಲ್ಲೀನ್' ಎಂಬ ಬೇರೆ ಜಾಗಗಳಿದ್ದವು, ಹೆಚ್ಚಾಗಿ ಹೊಲದ ಮೂಲೆ. ಅಲ್ಲಿ ಹೆಸರು ಸಿಗುವುದಿಲ್ಲ.

ಎಲ್ಲಿ ಹುಡುಕಬೇಕು ಅನ್ನುವುದರಲ್ಲೂ ಹೊರಗಿನವರು ಎಡವುತ್ತಾರೆ. ಈಗಿನ ಕ್ಯಾಥೊಲಿಕ್ ಚರ್ಚ್‌ನ ಪಕ್ಕದ ಸ್ಮಶಾನ ಹೊಸದಾಗಿರಬಹುದು. ಹಳೆಯ ಕ್ಯಾಥೊಲಿಕ್ ಮನೆತನಗಳ ಸಮಾಧಿ ಪಾಳುಬಿದ್ದ ಮಠದ ಒಳಗೋ, ಪ್ರಾಟೆಸ್ಟೆಂಟ್ ಚರ್ಚ್‌ನ ಅಂಗಳದಲ್ಲೋ ಇರುತ್ತದೆ, ಏಕೆಂದರೆ ಕ್ಯಾಥೊಲಿಕ್, ಪ್ರಾಟೆಸ್ಟೆಂಟ್ ಅಂತ ಧರ್ಮ ಒಡೆಯುವ ಮೊದಲಿನಿಂದಲೂ ಆ ಜಾಗ ಅವರದೇ. ಡಬ್ಲಿನ್‌ನವರಾದರೆ ಗ್ಲಾಸ್ನೆವಿನ್ ನೋಡಿ. ಕ್ಯಾಥೊಲಿಕರ ನಾಯಕ ಡೇನಿಯಲ್ ಓಕಾನೆಲ್ ಅವರ ಪ್ರಯತ್ನದಿಂದ 1832ರಲ್ಲಿ ತೆರೆದ ಆ ಸ್ಮಶಾನದಲ್ಲಿ 10 ಲಕ್ಷಕ್ಕೂ ಜಾಸ್ತಿ ಜನ ಮಲಗಿದ್ದಾರೆ, ದಾಖಲೆ ದುಡ್ಡು ಕೊಟ್ಟರೆ ಸಿಗುತ್ತದೆ. ಹಳ್ಳಿ ಕಡೆಯದಾದರೆ 'ಹಿಸ್ಟಾರಿಕ್ ಗ್ರೇವ್ಸ್' ತಾಣದಲ್ಲಿ ಊರವರೇ ಅಳೆದು, ಫೋಟೋ ತೆಗೆದು ಹಾಕಿದ ಸ್ಮಶಾನಗಳಿವೆ.

ಕಲ್ಲಿನ ಅಕ್ಷರ ಸವೆದಿದ್ದರೆ ತಂತಿ ಬ್ರಷ್, ಬ್ಲೀಚ್, ಸೀಮೆಸುಣ್ಣ ಹಚ್ಚಬೇಡಿ. ಪಾಚಿ ಕೆರೆಯಬೇಡಿ. ಹಳೆಯ ಸ್ಮಶಾನಗಳಿಗೆ ಕಾನೂನಿನ ರಕ್ಷಣೆ ಇದೆ, ಅದಕ್ಕಿಂತ ಹೆಚ್ಚಾಗಿ ಕಲ್ಲು ಹಾಳಾಗುತ್ತದೆ. ಬೆಳಿಗ್ಗೆ ಅಥವಾ ಸಂಜೆ, ಬಿಸಿಲು ಓರೆಯಾಗಿ ಬೀಳುವಾಗ ಹೋಗಿ. ಮೋಡ ಇದ್ದರೆ, ಅಲ್ಲಿ ಇದ್ದೇ ಇರುತ್ತದೆ, ಟಾರ್ಚನ್ನು ಕಲ್ಲಿನ ಪಕ್ಕದಿಂದ ಹಿಡಿದು ಮೊಬೈಲ್‌ನಲ್ಲಿ ಫೋಟೋ ತೆಗೆಯಿರಿ. ಬರಿಗಣ್ಣಿಗೆ ಕಾಣದ ಅಕ್ಷರ ನೆರಳಿನಲ್ಲಿ ಎದ್ದು ಬರುತ್ತದೆ. ಪಕ್ಕದ ಕಲ್ಲುಗಳ ಫೋಟೋ ಕೂಡ ಬೇಕು, ಬೀಗರು ಅಕ್ಕಪಕ್ಕವೇ ಇರುತ್ತಾರೆ.

ಆಯ್ಕೆ ಇದ್ದರೆ ಬೇಸಿಗೆಯಲ್ಲಿ ಹೋಗಿ. ಆಗ ಎಷ್ಟೋ ಪ್ಯಾರಿಷ್‌ಗಳಲ್ಲಿ ಒಂದು ದಿನ ಸಮಾಧಿಗಳಿಗೆ ಪ್ರಾರ್ಥನೆ ನಡೆಯುತ್ತದೆ, ಸೆಮೆಟ್ರಿ ಸಂಡೇ ಅನ್ನುತ್ತಾರೆ. ಊರು ಬಿಟ್ಟವರೂ ಅವತ್ತು ಬಂದು ತಮ್ಮ ಮನೆತನದ ಕಲ್ಲಿನ ಹತ್ತಿರ ನಿಂತಿರುತ್ತಾರೆ. ನಿಮ್ಮ ಸರ್‌ನೇಮ್‌ನ ಕಲ್ಲಿನ ಪಕ್ಕ ಯಾರಾದರೂ ನಿಂತಿದ್ದರೆ ಮಾತಾಡಿಸಿ. ದಾಖಲೆಯಲ್ಲಿ ಮೂರು ತಿಂಗಳು ಹುಡುಕಿದರೂ ಸಿಗದ್ದು ಅಲ್ಲಿ ಐದು ನಿಮಿಷಕ್ಕೆ ಸಿಗಬಹುದು.

ಬೆಂಗಳೂರಿನ ಐರಿಶ್ ಸೋಲ್ಜರ್

ಈಸ್ಟ್ ಇಂಡಿಯಾ ಕಂಪನಿಯ ಮತ್ತು ಬ್ರಿಟಿಷ್ ಸೈನ್ಯದ ಬಿಳಿಯ ಸೈನಿಕರಲ್ಲಿ ದೊಡ್ಡ ಪಾಲು ಬಡ ಐರಿಶ್ ಹುಡುಗರು. ಕಂಪನಿಯ ಮದ್ರಾಸ್ ಫ್ಯುಸಿಲಿಯರ್ಸ್ ಪಡೆಯೇ 1881ರಲ್ಲಿ ರಾಯಲ್ ಡಬ್ಲಿನ್ ಫ್ಯುಸಿಲಿಯರ್ಸ್‌ನ ಒಂದು ಬೆಟಾಲಿಯನ್ ಆಯಿತು. ಬೆಂಗಳೂರು ಕಂಟೋನ್ಮೆಂಟ್ ಮದ್ರಾಸ್ ಕಡೆಯ ಲೆಕ್ಕಕ್ಕೆ ಸೇರಿತ್ತು. ಹಾಗಾಗಿ ಇಲ್ಲಿ ನಡೆದ ದೀಕ್ಷಾಸ್ನಾನ, ಮದುವೆ, ಅಂತ್ಯಕ್ರಿಯೆಗಳ ಪ್ರತಿ ಮದ್ರಾಸ್ ಮೂಲಕ ಲಂಡನ್‌ಗೆ ಹೋಗಿ ಈಗ ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳಲ್ಲಿದೆ. ಎಲ್ಲ ಚರ್ಚ್‌ಗಳೂ ತಪ್ಪದೆ ಕಳಿಸಲಿಲ್ಲ, ಅದಕ್ಕೆ ಇಲ್ಲಿಯ ಹಳೆಯ ಚರ್ಚ್‌ನ ಪುಸ್ತಕವನ್ನೂ ಕೇಳಿ ನೋಡಿ. 'ಫ್ಯಾಮಿಲೀಸ್ ಇನ್ ಬ್ರಿಟಿಷ್ ಇಂಡಿಯಾ ಸೊಸೈಟಿ'ಯ ಉಚಿತ ಹುಡುಕಾಟದಿಂದ ಶುರು ಮಾಡುವುದು ಸುಲಭ.

ಇವುಗಳಿಂದ ರೆಜಿಮೆಂಟ್‌ನ ಹೆಸರು ಸಿಕ್ಕಿತು ಅನ್ನಿ. ಬ್ರಿಟಿಷ್ ಸೈನ್ಯದಿಂದ ಪಿಂಚಣಿ ಪಡೆದು ಬಿಡುಗಡೆಯಾದವನಾದರೆ ಅವನ ಬಿಡುಗಡೆ ಪತ್ರ ಲಂಡನ್‌ನ ಕ್ಯೂನಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನಲ್ಲಿ ಇರುವ ಸಾಧ್ಯತೆ ಇದೆ, ಡಬ್ಲ್ಯುಓ 97 ಎಂಬ ದಾಖಲೆ ಸರಣಿಯಲ್ಲಿ. ಎತ್ತರ, ಕಣ್ಣಿನ ಬಣ್ಣ, ಸೇರುವ ಮೊದಲಿನ ಕಸುಬು, ಜೊತೆಗೆ ಹುಟ್ಟಿದ ಪ್ಯಾರಿಷ್, ಹತ್ತಿರದ ಪಟ್ಟಣ, ಕೌಂಟಿ. ಆ ಒಂದು ಸಾಲಿಗೋಸ್ಕರವೇ ಈ ಸುತ್ತಾಟ.

ಪ್ಯಾರಿಷ್ ಸಿಕ್ಕ ಮೇಲೆ ನ್ಯಾಷನಲ್ ಲೈಬ್ರರಿಯ ರಿಜಿಸ್ಟರ್‌ಗೆ ಹೋಗಿ. ಆತ ಹುಟ್ಟಿದ್ದು 1815ರಲ್ಲಿ, ಪುಸ್ತಕ ಶುರುವಾಗುವುದು 1830ರಲ್ಲಿ ಅಂತಾದರೆ ಆತನ ದೀಕ್ಷಾಸ್ನಾನ ಸಿಗುವುದಿಲ್ಲ. ಆಗ ಅದೇ ಪ್ಯಾರಿಷ್‌ನ ಟೈದ್ ಪುಸ್ತಕ ತೆರೆದು ಆ ಸರ್‌ನೇಮ್ ಯಾವ ಟೌನ್‌ಲ್ಯಾಂಡ್‌ಗಳಲ್ಲಿದೆ ನೋಡಿ. ಒಂದೇ ಕಡೆ ಇದ್ದರೆ ಅದೇ ಆತನ ಊರು ಇರಬೇಕು. ಆರು ಕಡೆ ಇದ್ದರೆ ಆರನ್ನೂ ಬರೆದಿಟ್ಟುಕೊಂಡು, 1830ರ ನಂತರ ಅಲ್ಲಿ ಹುಟ್ಟಿದ ಮಕ್ಕಳಲ್ಲಿ ನಿಮ್ಮ ಸೈನಿಕನ ಮಕ್ಕಳ ಹೆಸರುಗಳೇ ಯಾವ ಮನೆಯಲ್ಲಿ ಮತ್ತೆ ಮತ್ತೆ ಬರುತ್ತವೆ ಅಂತ ಹೋಲಿಸಿ.